ಬಾಡಿಗೆ ಯಾರ ಜೇಬಿಗೆ?

ರಜೆಯಲ್ಲಿ ಮಕ್ಕಳು ಆಡುವ 'ವ್ಯಾಪಾರ'ದ ಆಟ ಮೊದಲು ಹುಟ್ಟಿದ್ದು ಕಾಲ ಕಳೆಯಲಿಕ್ಕಲ್ಲ, ಅರ್ಥಶಾಸ್ತ್ರದ ಪಾಠ ಹೇಳಲಿಕ್ಕೆ. ಆ ಪಾಠದ ಅರ್ಧ ಮಾತ್ರ ಡಬ್ಬಿಯಲ್ಲಿ ಉಳಿದುಕೊಂಡಿತು. ಕಳೆದುಹೋದ ಇನ್ನರ್ಧವನ್ನು ಮನೆಯಲ್ಲೇ ಜೋಡಿಸಿಕೊಂಡು ಆಡಬಹುದು.

ಬೇಸಿಗೆ ರಜೆ ಬಂತೆಂದರೆ ಅಟ್ಟದ ಮೇಲಿನ ಡಬ್ಬಿ ಕೆಳಗಿಳಿಯುತ್ತದೆ. ಮೂಲೆ ಹರಿದ ರಟ್ಟಿನ ಪೆಟ್ಟಿಗೆ, ಒಳಗೆ ಮಡಿಚಿಟ್ಟ ಬಣ್ಣದ ಹಲಗೆ, ರಬ್ಬರ್ ಬ್ಯಾಂಡ್ ಸುತ್ತಿದ ಕಾಗದದ ನೋಟುಗಳು, ಬೆರಳ ತುದಿಯಷ್ಟು ಪ್ಲಾಸ್ಟಿಕ್ ಮನೆಗಳು. ಎರಡು ದಾಳಗಳಲ್ಲಿ ಒಂದು ಕಳೆದುಹೋಗಿರುತ್ತದೆ. ಹಾವು-ಏಣಿ ಆಟದ ದಾಳ ಅದರ ಜಾಗಕ್ಕೆ ಬರುತ್ತದೆ. ಇದನ್ನು ಕೆಲವರು 'ವ್ಯಾಪಾರ' ಎನ್ನುತ್ತಾರೆ, ಕೆಲವರು 'ಬಿಸಿನೆಸ್', ಇನ್ನು ಕೆಲವರು 'ಮೊನಾಪಲಿ'. ಹೆಸರು ಯಾವುದಾದರೂ ಆಟದ ಜಾಡು ಒಂದೇ. ದಾಳ ಹಾಕು, ಮುಂದೆ ನಡೆ, ಸಿಕ್ಕ ಊರನ್ನು ಕೊಂಡುಕೋ, ಅಲ್ಲಿಗೆ ಬಂದವರಿಂದ ಬಾಡಿಗೆ ವಸೂಲು ಮಾಡು.

ಮೊದಲ ಅರ್ಧ ಗಂಟೆ ಎಲ್ಲರಿಗೂ ಉತ್ಸಾಹ. ಒಂದು ಗಂಟೆಯ ಹೊತ್ತಿಗೆ ಒಬ್ಬನ ಮುಂದೆ ನೋಟಿನ ರಾಶಿ, ಉಳಿದವರ ಮುಂದೆ ಚಿಲ್ಲರೆ. ಎರಡನೆಯ ಗಂಟೆಯಲ್ಲಿ ಮನೆಯ ಕಿರಿಯ ಮಗು ತನ್ನ ಕೊನೆಯ ಊರನ್ನೂ ಬ್ಯಾಂಕಿಗೆ ಅಡವಿಟ್ಟು, ಅಣ್ಣನ ಹೋಟೆಲಿನ ಮನೆಗೇ ಹೋಗಿ ಬಿದ್ದು, ಅಳುತ್ತಾ ಎದ್ದು ಹೋಗುತ್ತದೆ. 'ನಾನೇನೂ ತಪ್ಪು ಆಡಲಿಲ್ಲ, ಆದರೂ ಯಾಕೆ ಸೋತೆ?' ಎಂಬ ಅದರ ಪ್ರಶ್ನೆಗೆ ಹಿರಿಯರ ಬಳಿ ಇರುವ ಉತ್ತರ ಒಂದೇ. 'ಆಟದ ನಿಯಮ ಹಾಗಿದೆ, ಬಿಡು.'

ಸ್ವಾರಸ್ಯವೆಂದರೆ, ಈ ಆಟವನ್ನು ಮೊದಲು ರೂಪಿಸಿದಾಕೆಗೆ ಬೇಕಾಗಿದ್ದುದು ಇದೇ ಪ್ರಶ್ನೆ. ಆಡುವವರು ಹಾಗೆ ಕೇಳಬೇಕು, ಕೇಳಿದ ಮೇಲೆ ಅದೇ ಹಲಗೆಯ ಮೇಲೆ ಬೇರೊಂದು ನಿಯಮದಲ್ಲಿ ಆಡಿ ನೋಡಬೇಕು, ಎರಡನ್ನೂ ಹೋಲಿಸಬೇಕು ಎಂಬುದು ಆಕೆಯ ಆಸೆಯಾಗಿತ್ತು.

ಶೀಘ್ರಲಿಪಿಗಾರ್ತಿಯ ಹಲಗೆ

ಆಕೆಯ ಹೆಸರು ಎಲಿಜಬೆತ್ ಮೇಗಿ. ಆಪ್ತರಿಗೆ ಲಿಜ್ಜಿ. ಹುಟ್ಟಿದ್ದು 1866ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದಲ್ಲಿ. ತಂದೆ ಜೇಮ್ಸ್ ಮೇಗಿ ಪತ್ರಿಕೆ ನಡೆಸುತ್ತಿದ್ದವರು, ಗುಲಾಮಗಿರಿಯ ವಿರೋಧಿ. ಮಗಳು ವಾಷಿಂಗ್ಟನ್‌ನಲ್ಲಿ ಶೀಘ್ರಲಿಪಿ ಬರೆಯುತ್ತಾ, ಬೆರಳಚ್ಚು ಮಾಡುತ್ತಾ ತನ್ನ ದುಡಿಮೆಯಲ್ಲೇ ಬದುಕಿದವಳು. ಬೆರಳಚ್ಚು ಯಂತ್ರದ ಉರುಳೆಗಳ ನಡುವೆ ಕಾಗದ ಸಲೀಸಾಗಿ ಸಾಗುವಂತೆ ಒಂದು ಸುಧಾರಣೆ ಮಾಡಿ 1893ರಲ್ಲೇ ಪೇಟೆಂಟ್ ಪಡೆದಿದ್ದಳು.

ತಂದೆ ಮಗಳ ಕೈಗೆ ಕೊಟ್ಟ ಒಂದು ಪುಸ್ತಕ ಅವಳ ಬದುಕಿನ ದಿಕ್ಕನ್ನೇ ತಿರುಗಿಸಿತು. ಅದು ಹೆನ್ರಿ ಜಾರ್ಜ್ 1879ರಲ್ಲಿ ಪ್ರಕಟಿಸಿದ 'ಪ್ರೋಗ್ರೆಸ್ ಅಂಡ್ ಪಾವರ್ಟಿ'. ಪ್ರಗತಿ ಹೆಚ್ಚಿದಂತೆಲ್ಲ ಬಡತನವೂ ಏಕೆ ಉಳಿದುಕೊಳ್ಳುತ್ತದೆ ಎಂಬುದು ಆತನ ಪ್ರಶ್ನೆ. ಆತ ಕೊಟ್ಟ ಉತ್ತರ ಸರಳವಾಗಿತ್ತು. ಭೂಮಿಯನ್ನು ಯಾವ ಮನುಷ್ಯನೂ ಸೃಷ್ಟಿಸಲಿಲ್ಲ. ಒಂದು ನಿವೇಶನದ ಬೆಲೆ ಏರುವುದು ಅದರ ಒಡೆಯ ಬೆವರು ಸುರಿಸಿದ್ದರಿಂದಲ್ಲ. ಸುತ್ತ ಊರು ಬೆಳೆದಿದ್ದರಿಂದ, ರಸ್ತೆ ಬಂದಿದ್ದರಿಂದ, ರೈಲು ಓಡಿದ್ದರಿಂದ. ಹಾಗಿದ್ದಮೇಲೆ ಬರಿಯ ನೆಲಕ್ಕೆ ಸಲ್ಲುವ ಬಾಡಿಗೆಯನ್ನು ತೆರಿಗೆಯಾಗಿ ಸಮಾಜವೇ ಪಡೆಯಲಿ. ದುಡಿಮೆಯ ಮೇಲೆ, ಕಟ್ಟಿದ ಮನೆಯ ಮೇಲೆ, ನಡೆಸುವ ವ್ಯಾಪಾರದ ಮೇಲೆ ತೆರಿಗೆ ಬೇಡ. ಇದೇ 'ಏಕ ತೆರಿಗೆ' ಸಿದ್ಧಾಂತ.

ಸಿದ್ಧಾಂತವನ್ನು ಭಾಷಣದಲ್ಲಿ ಹೇಳಿದರೆ ಕೇಳುವವರು ಎಷ್ಟು ಮಂದಿ? ಮೇಗಿ ಬೇರೆ ದಾರಿ ಹಿಡಿದಳು. ಊಟದ ಮೇಜಿನ ಮೇಲೆ ಹರಡಬಹುದಾದ ಒಂದು ಹಲಗೆ ಮಾಡಿದಳು. 1903ರಲ್ಲಿ ಅರ್ಜಿ ಹಾಕಿ, 1904ರ ಜನವರಿ 5ರಂದು ಪೇಟೆಂಟ್ ಪಡೆದಳು. ಆಟದ ಹೆಸರು 'ದಿ ಲ್ಯಾಂಡ್‌ಲಾರ್ಡ್ಸ್ ಗೇಮ್', ಅಂದರೆ ಭೂಮಾಲೀಕನ ಆಟ.

ಇಂದಿನ ವ್ಯಾಪಾರದ ಹಲಗೆ ನೋಡಿದವರಿಗೆ ಅದರ ಗುರುತು ಕೂಡಲೇ ಹತ್ತುತ್ತದೆ. ನಾಲ್ಕು ಅಂಚಿನ ಸುತ್ತ ಮನೆಗಳು, ಅವುಗಳ ನಡುವೆ ನಾಲ್ಕು ರೈಲು ಮಾರ್ಗ. ಒಂದು ಮೂಲೆಯಲ್ಲಿ ಭೂತಾಯಿಯ ಚಿತ್ರ. ಒಂದು ಸುತ್ತು ಮುಗಿಸಿ ಅಲ್ಲಿಗೆ ಬಂದವರಿಗೆ ದುಡಿಮೆಯ ಕೂಲಿಯೆಂದು 100 ಡಾಲರ್. ಇನ್ನೊಂದು ಮೂಲೆಯಲ್ಲಿ ಎಲ್ಲರಿಗೂ ತೆರೆದ ಉದ್ಯಾನ, ಅಲ್ಲೇ ಕೈ ಬರಿದಾದವರಿಗೆ ಅನಾಥಾಲಯ. ಮತ್ತೊಂದರಲ್ಲಿ ಜೈಲು. ನಾಲ್ಕನೆಯ ಮೂಲೆಯಲ್ಲಿ ಪರದೇಶದ ಪ್ರಭುವೊಬ್ಬನ ಖಾಸಗಿ ಜಮೀನು, ಒಳಗೆ ಕಾಲಿಟ್ಟವರಿಗೆ ಸೆರೆವಾಸ. ಈ ಪ್ರಭುವಿಗೆ ಮೇಗಿ ಇಟ್ಟ ಹೆಸರು ಲಾರ್ಡ್ ಬ್ಲೂಬ್ಲಡ್!

ಒಂದು ಹಲಗೆ, ಎರಡು ನಿಯಮ

ಆಟದ ಜೀವಾಳ ಹಲಗೆಯಲ್ಲಿರಲಿಲ್ಲ, ಮುಂದೆ ಅದರ ಜೊತೆಗೆ ಬಂದ ಎರಡು ಬಗೆಯ ನಿಯಮಗಳಲ್ಲಿತ್ತು.

ಮೊದಲನೆಯ ಬಗೆ ಎಲ್ಲರಿಗೂ ಪರಿಚಿತ. ಜಾಗ ಕೊಂಡವನಿಗೆ ಬಾಡಿಗೆ. ಬಾಡಿಗೆಯಿಂದ ಮತ್ತಷ್ಟು ಜಾಗ, ಮತ್ತಷ್ಟು ಜಾಗದಿಂದ ಇನ್ನಷ್ಟು ಬಾಡಿಗೆ. ಕೊನೆಗೆ ಒಬ್ಬನೇ ಉಳಿಯುವವರೆಗೆ ಆಟ.

ಎರಡನೆಯ ಬಗೆಯಲ್ಲಿ ಬದಲಾಗುವುದು ಒಂದೇ ಒಂದು ಸಾಲು. ಬರಿಯ ನೆಲದ ಬಾಡಿಗೆ ಒಡೆಯನ ಜೇಬಿಗೆ ಹೋಗದೆ ಸಾರ್ವಜನಿಕ ಖಜಾನೆಗೆ ಹೋಗುತ್ತದೆ. ಆ ನೆಲದ ಮೇಲೆ ಆತ ಮನೆ ಕಟ್ಟಿದ್ದರೆ ಮನೆಯ ಬಾಡಿಗೆ ಮಾತ್ರ ಅವನಿಗೆ. ಏಕೆಂದರೆ ಮನೆ ಅವನ ಶ್ರಮದ, ಬಂಡವಾಳದ ಫಲ. ಖಜಾನೆ ತುಂಬಿದಂತೆ ಆ ಹಣದಿಂದ ದೀಪದ ಕಂಪೆನಿಯನ್ನೂ ರೈಲು ಮಾರ್ಗಗಳನ್ನೂ ಸಾರ್ವಜನಿಕರಿಗಾಗಿ ಕೊಂಡು ಉಚಿತ ಮಾಡಬಹುದು. ಪ್ರಭುವಿನ ಜಮೀನಿನ ಜಾಗದಲ್ಲಿ ಉಚಿತ ಕಾಲೇಜು ತೆರೆಯಬಹುದು. ಇನ್ನೂ ಹಣ ಮಿಕ್ಕರೆ ಎಲ್ಲರ ಕೂಲಿ ಏರುತ್ತದೆ. ಮುಂದೆ ಮೇಗಿ ಹೊರತಂದ ಆವೃತ್ತಿಯಲ್ಲಿ ಈ ಬಗೆಯ ಆಟ ಮುಗಿಯುವ ಕ್ರಮವೂ ಬೇರೆಯಾಗಿತ್ತು. ಅತಿ ಕಡಿಮೆ ಹಣ ಹಿಡಿದು ಆಟ ಆರಂಭಿಸಿದವನ ಹಣ ಇಮ್ಮಡಿಯಾದಾಗ ಎಲ್ಲರೂ ಗೆದ್ದಂತೆ!

ಆಟಗಾರರು ಅವರೇ, ದಾಳ ಅದೇ, ಹಲಗೆ ಅದೇ. ಯಾರೂ ದಿಢೀರನೆ ಒಳ್ಳೆಯವರಾಗಿಲ್ಲ, ಕೆಟ್ಟವರೂ ಆಗಿಲ್ಲ. ಬದಲಾದದ್ದು ಬಾಡಿಗೆ ಯಾರ ಜೇಬಿಗೆ ಎಂಬ ಒಂದು ನಿಯಮ. ಅಷ್ಟರಿಂದ ಆಟದ ಕೊನೆಯೇ ಬದಲಾಗಿಬಿಡುತ್ತದೆ. ಸರ್ಕಾರದ 'ನೀತಿ' ಎಂದು ಪಠ್ಯಪುಸ್ತಕಗಳು ಕರೆಯುವುದು ಇದನ್ನೇ. ಮಕ್ಕಳು ಭೂಮಿಯ ವ್ಯವಸ್ಥೆಯ ಅನ್ಯಾಯವನ್ನು ಒಮ್ಮೆ ಕಣ್ಣಾರೆ ಕಂಡುಬಿಟ್ಟರೆ ದೊಡ್ಡವರಾದ ಮೇಲೆ ಅದನ್ನು ತಾವೇ ಸರಿಪಡಿಸಿಯಾರು ಎಂಬುದು ಮೇಗಿಯ ನಂಬಿಕೆಯಾಗಿತ್ತು.

ತರಗತಿಯಿಂದ ಅಂಗಡಿಗೆ

ಆಟವನ್ನು ಮೊದಲು ಕೈಗೆತ್ತಿಕೊಂಡವರಲ್ಲಿ ಒಬ್ಬ ಮೇಷ್ಟ್ರೂ ಇದ್ದರು. ಡೆಲವೇರ್ ರಾಜ್ಯದ ಆರ್ಡನ್ ಎಂಬಲ್ಲಿ 1900ರಲ್ಲಿ ಹೆನ್ರಿ ಜಾರ್ಜನ ಅನುಯಾಯಿಗಳು ಒಂದು ಪುಟ್ಟ ಊರನ್ನೇ ಕಟ್ಟಿಕೊಂಡಿದ್ದರು. ಅಲ್ಲಿ ವಾಸವಾಗಿದ್ದ ಸ್ಕಾಟ್ ನಿಯರಿಂಗ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್ ಶಾಲೆಯಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರು. ಏಕಸ್ವಾಮ್ಯದಿಂದ ಸಮಾಜಕ್ಕೆ ಆಗುವ ಕೇಡನ್ನು ತೋರಿಸಲು ಅವರು ಈ ಆಟವನ್ನು ವಿದ್ಯಾರ್ಥಿಗಳಿಗೆ ಕಲಿಸಿದರು. ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಬಹಿರಂಗವಾಗಿ ಮಾತನಾಡುತ್ತಿದ್ದ ನಿಯರಿಂಗ್ 1915ರಲ್ಲಿ ಕೆಲಸ ಕಳೆದುಕೊಂಡರು. ಆದರೆ ಆಟ ನಿಲ್ಲಲಿಲ್ಲ. ವಿದ್ಯಾರ್ಥಿಗಳು ಬಟ್ಟೆಯ ಮೇಲೆ, ರಟ್ಟಿನ ಮೇಲೆ ತಾವೇ ಹಲಗೆ ಬರೆದುಕೊಂಡರು. ತಮ್ಮ ತಮ್ಮ ಊರಿನ ಬೀದಿಗಳ ಹೆಸರು ತುಂಬಿಕೊಂಡರು.

ಕೈಯಿಂದ ಕೈಗೆ ಸಾಗುವಾಗ ಆಟ ಸವೆಯಿತು. 1930ರ ಸುಮಾರಿಗೆ ಅಟ್ಲಾಂಟಿಕ್ ಸಿಟಿ ಎಂಬ ಕಡಲ ತೀರದ ಊರಿನಲ್ಲಿ ಕ್ವೇಕರ್ ಪಂಥದ ಶಿಕ್ಷಕರು, ಅವರ ಗೆಳೆಯರು ತಮ್ಮೂರಿನ ಬೀದಿಗಳನ್ನು ಹಲಗೆಗೆ ತಂದರು. ಹರಾಜು ಕೂಗುವುದನ್ನು ಬಿಟ್ಟು ಜಾಗಗಳ ಬೆಲೆಯನ್ನು ಹಲಗೆಯ ಮೇಲೇ ಬರೆದಿಟ್ಟರು. ಆ ಹೊತ್ತಿಗೆ ಎರಡನೆಯ ಬಗೆಯ ನಿಯಮ ಬಹುಪಾಲು ಮರೆತೇಹೋಗಿತ್ತು. ಉಳಿದದ್ದು ಒಬ್ಬನೇ ಗೆಲ್ಲುವ ಆಟ.

ಮಹಾ ಆರ್ಥಿಕ ಕುಸಿತದ ಆ ದಿನಗಳಲ್ಲಿ ಕೆಲಸವಿಲ್ಲದೆ ಕೂತಿದ್ದ ಚಾರ್ಲ್ಸ್ ಡ್ಯಾರೋ ಎಂಬಾತ ಪರಿಚಿತರ ಮನೆಯಲ್ಲಿ ಈ ಆಟ ಕಲಿತ. ಚಿತ್ರಗಳನ್ನು ಅಂದಗೊಳಿಸಿ, ಡಬ್ಬಿಯಲ್ಲಿ ತುಂಬಿ ಮಾರಿದ. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪೆನಿ ಅವನಿಂದ ಅದನ್ನು ಕೊಂಡು 'ಮೊನಾಪಲಿ' ಎಂಬ ಹೆಸರಿನಲ್ಲಿ ಪ್ರಕಟಿಸಿತು. ಮಾರ್ವೆನ್ ಗಾರ್ಡನ್ಸ್ ಎಂಬ ಬಡಾವಣೆಯ ಹೆಸರು ಡ್ಯಾರೋ ನಕಲು ಮಾಡಿಕೊಂಡ ಹಲಗೆಯಲ್ಲಿ ತಪ್ಪಾಗಿ 'ಮಾರ್ವಿನ್' ಎಂದಿತ್ತು. ಆ ಕಾಗುಣಿತದ ತಪ್ಪೂ ಹಾಗೆಯೇ ಅಚ್ಚಾಗಿ ಲೋಕ ಸುತ್ತಿತು. ಡ್ಯಾರೋ ರಾಯಧನದಿಂದ ಭಾರೀ ಶ್ರೀಮಂತನಾದ.

ಲಿಜ್ಜಿ ಮೇಗಿಗೆ? ಆಕೆ 1924ರಲ್ಲಿ ಪಡೆದಿದ್ದ ಎರಡನೆಯ ಪೇಟೆಂಟನ್ನು ಅದೇ ಕಂಪೆನಿ ಕೊಂಡುಕೊಂಡಿತು. ಕೊಟ್ಟದ್ದು 500 ಡಾಲರ್. ರಾಯಧನ ಇಲ್ಲ. ಒಪ್ಪಂದದಂತೆ ಆಕೆಯ ಮೂಲ ಆಟವನ್ನು 1939ರಲ್ಲಿ ಪ್ರಕಟಿಸಿದರೂ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಭೂಮಾಲೀಕನ ಲೋಭವನ್ನು ತೋರಿಸಲು ಮಾಡಿದ ಆಟ ಲೋಭದ ಗೆಲುವನ್ನು ಸಂಭ್ರಮಿಸುವ ಆಟವಾಗಿ ಮನೆಮನೆಗೆ ಹೋಯಿತು.

ಮೊಕದ್ದಮೆಯಲ್ಲಿ ಸಿಕ್ಕ ಚರಿತ್ರೆ

ಹೂತುಹೋದ ಈ ಕತೆ ಹೊರಬಂದದ್ದೂ ಒಬ್ಬ ಅರ್ಥಶಾಸ್ತ್ರದ ಮೇಷ್ಟ್ರ ಹಟದಿಂದ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪ್ರಾಧ್ಯಾಪಕರಾಗಿದ್ದ ರಾಲ್ಫ್ ಆನ್ಸ್‌ಪಾಕ್ 1973ರಲ್ಲಿ 'ಆಂಟಿ-ಮೊನಾಪಲಿ' ಎಂಬ ಹೊಸ ಆಟ ತಂದರು. ಹಳೆಯ ಆಟ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಈ ಆಟದ ಆರಂಭ. ಹಲಗೆಯ ಮೇಲೆ ಎಲ್ಲವೂ ಆಗಲೇ ಕೆಲವೇ ಕೂಟಗಳ ಹಿಡಿತದಲ್ಲಿದೆ. ಆಟಗಾರರು ಸರ್ಕಾರದ ಪರ ವಕೀಲರಂತೆ ಆ ಕೂಟಗಳನ್ನು ಒಡೆದು ಮತ್ತೆ ಪೈಪೋಟಿ ತರಬೇಕು.

ಹೆಸರಿನ ವಿಷಯದಲ್ಲಿ ಪಾರ್ಕರ್ ಬ್ರದರ್ಸ್ ತಕರಾರು ತೆಗೆಯಿತು. ಮೊಕದ್ದಮೆ ಸುಮಾರು ಹತ್ತು ವರ್ಷ ನಡೆಯಿತು. 1977ರಲ್ಲಿ ಆನ್ಸ್‌ಪಾಕ್‌ರ ಆಟದ ಸುಮಾರು 40,000 ಡಬ್ಬಿಗಳನ್ನು ಮಿನ್ನೆಸೋಟದ ಒಂದು ಕಸದ ಗುಂಡಿಯಲ್ಲಿ ಹೂಳಲಾಯಿತು. ಮೇಷ್ಟ್ರು ಸುಮ್ಮನಾಗಲಿಲ್ಲ. ಆಟ ಎಲ್ಲಿಂದ ಬಂತೆಂದು ಹುಡುಕುತ್ತಾ ಹೋದಾಗ ಅವರಿಗೆ ಸಿಕ್ಕಿದ್ದು ಮೇಗಿಯ ಪೇಟೆಂಟ್ ಮತ್ತು ಡ್ಯಾರೋಗಿಂತ ಮೊದಲೇ ಆಟ ಆಡಿದ್ದ ಮುದುಕರು. 1982ರಲ್ಲಿ ಮೇಲ್ಮನವಿ ನ್ಯಾಯಾಲಯ ಆನ್ಸ್‌ಪಾಕ್‌ರ ಪರ ತೀರ್ಪಿತ್ತಿತು. 1983ರಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. 1984ರಲ್ಲಿ ಅಮೆರಿಕದ ಸಂಸತ್ತು ವ್ಯಾಪಾರ ಚಿಹ್ನೆಯ ಕಾನೂನನ್ನೇ ತಿದ್ದಿತು. 1985ರಲ್ಲಿ ಎರಡೂ ಕಡೆಯವರು ರಾಜಿಯಾದರು. ನಿಯಮಗಳ ಬಗ್ಗೆ ಹುಟ್ಟಿದ ಆಟವೊಂದು ಕೊನೆಗೆ ದೇಶದ ನಿಯಮಕ್ಕೇ ಒಂದು ತಿದ್ದುಪಡಿ ತಂದಿತು!

ಗೇಣಿಯ ನಾಡಿನಲ್ಲಿ

ಭೂಮಾಲೀಕನ ಆಟ ಎಂದರೆ ಕರ್ನಾಟಕದ ಮಕ್ಕಳಿಗೆ ದೂರದ ಮಾತಾಗಿ ಕೇಳಬೇಕಿಲ್ಲ. ಅವರ ಅಜ್ಜ-ಅಜ್ಜಿಯರಿಗೆ ಅದು ನಿತ್ಯದ ಮಾತು. ಅದರ ಹೆಸರು ಗೇಣಿ. ಉಳುವವನು ಒಬ್ಬ, ಒಡೆಯ ಮತ್ತೊಬ್ಬ. ಸುಗ್ಗಿಯಾದ ಮೇಲೆ ಬೆಳೆಯ ಪಾಲು ಒಡೆಯನ ಕಣಜಕ್ಕೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ರೈತ ಸತ್ಯಾಗ್ರಹಕ್ಕೆ ಒಂದು ಮುಖ್ಯ ಕಾರಣ ಗೇಣಿ ಅಳೆಯುವ ಕೊಳಗದ ಗಾತ್ರ. ಅಳತೆಯ ಪಾತ್ರೆ ದೊಡ್ಡದಾದಷ್ಟೂ ಒಕ್ಕಲಿನವನ ಮನೆಗೆ ಉಳಿಯುವುದು ಕಡಿಮೆ. ನಿಯಮ ಎಂಬುದು ಯಾವಾಗಲೂ ಕಾನೂನಿನ ಪುಸ್ತಕದಲ್ಲೇ ಇರಬೇಕಿಲ್ಲ, ಕೊಳಗದ ಬಾಯಿಯಲ್ಲೂ ಇರಬಹುದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮುಂದೆ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ 1961ರ ಭೂ ಸುಧಾರಣೆ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿಯ ಜಮೀನು ಸರ್ಕಾರದ ವಶವಾಯಿತು. ಗೇಣಿದಾರರು ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿ ಅದರ ಹಕ್ಕು ಪಡೆದರು. ಆಟದ ನಡುವೆಯೇ ನಿಯಮ ಬದಲಾದಾಗ ಏನಾಗುತ್ತದೆಂದು ಕೇಳಲು ಕರಾವಳಿ, ಮಲೆನಾಡಿನ ಯಾವ ಹಳ್ಳಿಗಾದರೂ ಹೋಗಬಹುದು. ಒಕ್ಕಲುಗಳ ಮಕ್ಕಳು ಶಾಲೆ ಸೇರಿದ ಕತೆಯೂ ಸಿಗುತ್ತದೆ; ಗೇಣಿಯೊಂದನ್ನೇ ನೆಚ್ಚಿದ್ದ ಸಣ್ಣ ಒಡೆಯರು ಬರಿಗೈಯಾದ ಕತೆಯೂ ಸಿಗುತ್ತದೆ. ನೀತಿಯೊಂದನ್ನು ಅಳೆಯುವಾಗ ಎರಡನ್ನೂ ಕೇಳಬೇಕು. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಬಾರದೆಂಬ ಅದೇ ಕಾಯ್ದೆಯ ನಿರ್ಬಂಧವನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಆಗಲೂ ಪರ-ವಿರೋಧದ ಮಾತು ಜೋರಾಗಿಯೇ ನಡೆಯಿತು.

ಭಾರತದ ವ್ಯಾಪಾರದ ಹಲಗೆಯಲ್ಲೇ ಇಂಥ ಇನ್ನೊಂದು ಗುರುತಿದೆ. ಅನೇಕ ಡಬ್ಬಿಗಳಲ್ಲಿ 'ಇನ್‌ಕಮ್ ಟ್ಯಾಕ್ಸ್' ಮನೆಯ ಜೊತೆಗೆ 'ವೆಲ್ತ್ ಟ್ಯಾಕ್ಸ್' ಮನೆಯೂ ಇರುತ್ತದೆ. ಸಂಪತ್ತಿನ ಮೇಲಿನ ಈ ತೆರಿಗೆ ದೇಶದಲ್ಲಿ 1957ರಲ್ಲಿ ಬಂತು. 2015ರ ಬಜೆಟ್ಟಿನಲ್ಲಿ ಹೋಯಿತು. 2013-14ರಲ್ಲಿ ದೇಶದಾದ್ಯಂತ ಅದರಿಂದ ಬಂದದ್ದು 1,008 ಕೋಟಿ ರೂಪಾಯಿ ಮಾತ್ರ, ವಸೂಲಿಯ ಖರ್ಚು ಹೆಚ್ಚು ಎಂದು ಸರ್ಕಾರ ಕಾರಣ ಕೊಟ್ಟಿತು. ಬದಲಿಗೆ ವರ್ಷಕ್ಕೆ ಒಂದು ಕೋಟಿ ರೂಪಾಯಿ ಮೀರಿದ ಆದಾಯದವರ ಮೇಲೆ ಶೇಕಡ 2ರಷ್ಟು ಹೆಚ್ಚಿನ ಸರ್‌ಚಾರ್ಜ್ ಬಂತು. ತೆರಿಗೆ ರದ್ದಾದರೂ ಹಳೆಯ ಹಲಗೆಯ ಮೇಲೆ ಬೀಳುವ ಮಗು ಇಂದಿಗೂ ಅದನ್ನು ಕಟ್ಟುತ್ತಿದೆ!

ಅಟ್ಟದ ಡಬ್ಬಿಯಿಂದ ನಾಲ್ಕು ಪಾಠ

ಕಳೆದುಹೋದ ಅರ್ಧ ಪಾಠವನ್ನು ಮರಳಿ ತರಲು ಹೊಸ ಆಟ ಕೊಳ್ಳಬೇಕಿಲ್ಲ. ಮನೆಯಲ್ಲಿರುವ ಹಲಗೆ, ಒಂದು ನೋಟ್ ಪುಸ್ತಕ, ಒಂದು ಪೆನ್ಸಿಲ್ ಸಾಕು. ಎರಡೂ ದಾಳ ಬಳಸಿ ನಾಲ್ಕು ಮಂದಿ ಆಡಲಿ. ಪ್ರತಿಯೊಬ್ಬರಿಗೆ 1,500, ಸುತ್ತಿಗೆ 200 ಸಂಬಳ. ಪ್ರತಿ ಆಟಕ್ಕೂ ಒಂದು ಗಂಟೆಯ ಮಿತಿ. ಪ್ರತಿ 10 ನಿಮಿಷಕ್ಕೊಮ್ಮೆ ನಿಲ್ಲಿಸಿ ಯಾರ ಬಳಿ ನಗದು ಎಷ್ಟು, ಆಸ್ತಿ ಎಷ್ಟು ಎಂದು ಬರೆದಿಡಬೇಕು. ಈ ಲೆಕ್ಕವಿಲ್ಲದೆ ಹೋಲಿಕೆಯಿಲ್ಲ, ಹೋಲಿಕೆಯಿಲ್ಲದೆ ಪಾಠವಿಲ್ಲ.

ಮೊದಲನೆಯ ಆಟ ಇದ್ದ ನಿಯಮದಂತೆಯೇ ನಡೆಯಲಿ. ಕೊನೆಯಲ್ಲಿ ಲೆಕ್ಕವನ್ನು ರೇಖಾಚಿತ್ರವಾಗಿ ಬಿಡಿಸಿದರೆ ನಾಲ್ಕು ಗೆರೆಗಳು ಮೊದಮೊದಲು ಹತ್ತಿರವಿದ್ದು ಆಮೇಲೆ ಒಂದು ಮೇಲಕ್ಕೂ ಉಳಿದವು ಕೆಳಕ್ಕೂ ಸರಿಯುವುದನ್ನು ಮಕ್ಕಳೇ ಕಾಣುತ್ತಾರೆ. ಗೆದ್ದವನು ಮೊದಲ ಎರಡು ಸುತ್ತಿನಲ್ಲಿ ಏನು ಕೊಂಡ? ಅದರಲ್ಲಿ ಜಾಣತನವೆಷ್ಟು, ದಾಳದ ಪಾಲೆಷ್ಟು?

ಎರಡನೆಯ ಆಟದಲ್ಲಿ ಆರಂಭವನ್ನೇ ಅಸಮ ಮಾಡಬೇಕು. ನಾಣ್ಯ ಚಿಮ್ಮಿ ಇಬ್ಬರನ್ನು ಆರಿಸಿ. ಅವರಿಗೆ ಇಮ್ಮಡಿ ಹಣ, ಇಮ್ಮಡಿ ಸಂಬಳ. ಉಳಿದಿಬ್ಬರಿಗೆ ಒಂದೇ ದಾಳ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಪಾಲ್ ಪಿಫ್ ಮತ್ತು ಸಂಗಡಿಗರು ಬರ್ಕ್ಲಿಯಲ್ಲಿ ನೂರಕ್ಕೂ ಹೆಚ್ಚು ಜೋಡಿಗಳಿಗೆ ಹೀಗೆಯೇ ಆಟ ಆಡಿಸಿ ನೋಡಿದರು. ನಾಣ್ಯದ ದೆಸೆಯಿಂದ 'ಶ್ರೀಮಂತ'ರಾದವರ ದನಿ ಆಟ ಸಾಗಿದಂತೆ ಏರಿತು; ಕಾಯಿಯನ್ನು ಹಲಗೆಗೆ ಜೋರಾಗಿ ಬಡಿದು ನಡೆಸತೊಡಗಿದರು. ಗೆದ್ದದ್ದು ಹೇಗೆಂದು ಕೇಳಿದಾಗ ತಮ್ಮ ಚಾತುರ್ಯವನ್ನು ವಿವರಿಸಿದರೇ ಹೊರತು ನಾಣ್ಯವನ್ನು ನೆನೆಯಲಿಲ್ಲ. ಮನೆಯ ಆಟದಲ್ಲೂ ಗೆದ್ದವರನ್ನು ಇದೇ ಪ್ರಶ್ನೆ ಕೇಳಿ, ಉತ್ತರವನ್ನು ಹಾಗೆಯೇ ಬರೆದಿಡಬಹುದು. ಅಮೆರಿಕದ ಕಾಲೇಜುಗಳಲ್ಲಿ ಸಮಾಜಶಾಸ್ತ್ರದ ಅಧ್ಯಾಪಕರು ದೇಶದ ಆದಾಯ ಹಂಚಿಕೆಯ ಪ್ರಮಾಣದಲ್ಲೇ ಆಟದ ಹಣ ಹಂಚಿ ಪಾಠ ಮಾಡಿದ್ದುಂಟು.

ಮೂರನೆಯದು ಮೇಗಿಯ ಆಟ. ಮನೆ ಕಟ್ಟದ ಬರಿಯ ಜಾಗದ ಬಾಡಿಗೆ ಪೂರ್ತಿಯಾಗಿ ಖಜಾನೆಯ ಬಟ್ಟಲಿಗೆ. ಮನೆ ಕಟ್ಟಿದ್ದರೆ ಬರಿಯ ಜಾಗದ ಮೊತ್ತವನ್ನು ಕಳೆದು ಉಳಿದದ್ದು ಒಡೆಯನಿಗೆ. ಕಾರ್ಡಿನಲ್ಲಿ ಬರಿಯ ಜಾಗಕ್ಕೆ 20, ಒಂದು ಮನೆಯಿದ್ದರೆ 100 ಎಂದಿದ್ದರೆ, 20 ಬಟ್ಟಲಿಗೆ, 80 ಒಡೆಯನಿಗೆ. ಮಕ್ಕಳಲ್ಲೊಬ್ಬ ಹಣಕಾಸು ಮಂತ್ರಿ. ಪ್ರತಿ 10 ನಿಮಿಷಕ್ಕೊಮ್ಮೆ ಬಟ್ಟಲಿನ ಹಣಕ್ಕೆ ಏನು ಮಾಡಬೇಕೆಂದು ಆತ ಬಜೆಟ್ ಮಂಡಿಸಬೇಕು. ರೈಲು ಉಚಿತವೋ, ಸಂಬಳ ಹೆಚ್ಚಳವೋ, ದಿವಾಳಿಯಾದವರಿಗೆ ನೆರವೋ? ಮತಕ್ಕೆ ಹಾಕಬೇಕು, ಬಹುಮತ ಬಾರದಿದ್ದರೆ ಹಣ ಬಟ್ಟಲಲ್ಲೇ ಉಳಿಯಬೇಕು. ತನ್ನ ಜೇಬಿಗೆ ಲಾಭವಾಗುವ ಬಜೆಟ್ಟನ್ನು ಮಂತ್ರಿ 'ಎಲ್ಲರ ಹಿತಕ್ಕಾಗಿ' ಎಂದು ಮಂಡಿಸುವುದನ್ನು ಕಂಡರೆ ಪೌರನೀತಿಯ ಪಾಠವೂ ಜೊತೆಗೇ ಆದಂತೆ.

ನಾಲ್ಕನೆಯದು ಹಣದುಬ್ಬರದ ಪಾಠ. ಹಲಗೆಯ ಮೇಲಿನ ಬೆಲೆಗಳನ್ನು ಮರೆತು ಪ್ರತಿ ಜಾಗವನ್ನೂ ಹರಾಜು ಹಾಕಿ, ಕೂಗಿದ ಬೆಲೆ ಬರೆದಿಡಬೇಕು. ಆಮೇಲೆ ಎಲ್ಲರಿಗೂ ಇಮ್ಮಡಿ ನೋಟು ಹಂಚಿ ಅದೇ ಜಾಗಗಳನ್ನು ಮತ್ತೆ ಹರಾಜು ಹಾಕಬೇಕು. ನೋಟು ಹೆಚ್ಚಿತು, ಜಾಗ ಹೆಚ್ಚಲಿಲ್ಲ, ಬೆಲೆ ಏರುತ್ತದೆ. ಮೊನಾಪಲಿಯ ನಿಯಮದಲ್ಲೇ ಬ್ಯಾಂಕ್ ಎಂದಿಗೂ ದಿವಾಳಿಯಾಗದು, ನೋಟು ಮುಗಿದರೆ ಕಾಗದದ ಮೇಲೆ ಬರೆದು ಕೊಡಬಹುದು ಎಂದಿದೆ. 'ಸರ್ಕಾರ ನೋಟು ಅಚ್ಚುಹಾಕಿ ಎಲ್ಲರಿಗೂ ಯಾಕೆ ಹಂಚಬಾರದು?' ಎಂದು ಪ್ರತಿ ಮಗುವೂ ಒಮ್ಮೆ ಕೇಳುತ್ತದೆ. ಅದಕ್ಕೆ ಅರ್ಧ ಗಂಟೆಯಲ್ಲಿ ಸಿಗುವ ಉತ್ತರ ಇದು.

ಹಲಗೆ ಹೇಳದ ಮಾತು

ಇಷ್ಟಾದರೂ ಹಲಗೆ ಜಗತ್ತಲ್ಲ ಎಂಬುದನ್ನು ಮರೆಯಬಾರದು. ಈ ಆಟದಲ್ಲಿ ಹೊಲ ಬೆಳೆಯುವುದಿಲ್ಲ, ಕಾರ್ಖಾನೆ ಓಡುವುದಿಲ್ಲ, ಯಾರೂ ಹೊಸದೊಂದನ್ನು ಕಂಡುಹಿಡಿಯುವುದಿಲ್ಲ. ನಿಜ ಜೀವನದಲ್ಲಿ ವ್ಯಾಪಾರದಿಂದ ಕೊಂಡವನಿಗೂ ಮಾರಿದವನಿಗೂ ಲಾಭವಾಗಬಹುದು. ಹಲಗೆಯ ಮೇಲೆ ಒಬ್ಬನ ಬಾಡಿಗೆ ಇನ್ನೊಬ್ಬನ ನಷ್ಟವೇ.

ಮೂರನೆಯ ಆಟದಲ್ಲೂ ಚುರುಕಾದ ಹುಡುಗಿಯೊಬ್ಬಳು ಕೇಳಿಯೇ ಕೇಳುತ್ತಾಳೆ. 'ಬಾಡಿಗೆಯೆಲ್ಲ ಖಜಾನೆಗೆ ಹೋಗುವುದಾದರೆ ನಾನು ದುಡ್ಡು ಕೊಟ್ಟು ಜಾಗ ಯಾಕೆ ಕೊಳ್ಳಲಿ?' ಪ್ರಶ್ನೆ ಸರಿಯಾದದ್ದೇ. ಮನೆ ಕಟ್ಟುವ ಉದ್ದೇಶವಿದ್ದವರಷ್ಟೇ ಜಾಗ ಕೊಳ್ಳಲಿ, ಸುಮ್ಮನೆ ಹಿಡಿದಿಟ್ಟುಕೊಳ್ಳುವವರು ಬೇಡ ಎಂಬುದು ಹೆನ್ರಿ ಜಾರ್ಜನ ಉತ್ತರ. ಆದರೆ ಜೀವಮಾನದ ಉಳಿತಾಯ ಕೊಟ್ಟು ನಿನ್ನೆಯಷ್ಟೇ ನಿವೇಶನ ಕೊಂಡವನ ಗತಿಯೇನು? ನೆಲದ ಬೆಲೆಯನ್ನೂ ಮನೆಯ ಬೆಲೆಯನ್ನೂ ಬೇರ್ಪಡಿಸಿ ಅಳೆಯುವವರು ಯಾರು? ಒಂದೇ ತೆರಿಗೆಯಿಂದ ಇಂದಿನ ಸರ್ಕಾರ ನಡೆದೀತೇ? ವಾದ ಇನ್ನೂ ಮುಗಿದಿಲ್ಲ. ತೆರಿಗೆಗಳನ್ನು ಅಷ್ಟಾಗಿ ಮೆಚ್ಚದ, 1976ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಕೂಡ ಇರುವ ತೆರಿಗೆಗಳಲ್ಲಿ ಬರಿಯ ನೆಲದ ಮೌಲ್ಯದ ಮೇಲಿನದೇ ಅತಿ ಕಡಿಮೆ ಕೆಟ್ಟದ್ದು ಎಂದಿದ್ದರು. ಮಕ್ಕಳು ಎರಡೂ ಪಕ್ಷ ಹಿಡಿದು ವಾದಿಸಿದರೆ ಆಟದ ಉದ್ದೇಶ ಸಾರ್ಥಕ. ತಂದೆ ತಾಯಂದಿರು ಇಲ್ಲಿ ಉತ್ತರ ಹೇಳಿಕೊಡುವ ಆತುರ ತೋರಬಾರದು.

ಲಿಜ್ಜಿ ಮೇಗಿ 1948ರಲ್ಲಿ ತೀರಿಕೊಂಡಳು. 1940ರ ಜನಗಣತಿಯವರು ಮನೆಗೆ ಬಂದಾಗ ಆಕೆ ತನ್ನ ವೃತ್ತಿಯನ್ನು 'ಆಟಗಳ ತಯಾರಕಿ' ಎಂದು ಬರೆಸಿದ್ದಳು. ಆದಾಯದ ಅಂಕಣದಲ್ಲಿ ಇದ್ದದ್ದು ಸೊನ್ನೆ. ಆಕೆಯ ಹಲಗೆಯ ಮೊಮ್ಮಕ್ಕಳು ಇಂದು ಕನ್ನಡ ನಾಡಿನ ಅಟ್ಟಗಳ ಮೇಲೂ ಧೂಳು ಹಿಡಿದು ಕೂತಿವೆ.

ಈ ರಜೆಯಲ್ಲಿ ಡಬ್ಬಿ ಕೆಳಗಿಳಿದಾಗ, ಕಿರಿಯ ಮಗು ಸೋತು 'ಯಾಕೆ ಹೀಗೆ?' ಎಂದು ಕೇಳಿದಾಗ, 'ಆಟದ ನಿಯಮ ಹಾಗಿದೆ' ಎಂದು ಹೇಳಿ ಮುಗಿಸುವ ಬದಲು ಹಿರಿಯರು ಇನ್ನೊಂದು ಮಾತು ಸೇರಿಸಬಹುದು. 'ನಿಯಮ ಮಾಡಿದ್ದು ಮನುಷ್ಯರೇ. ಹೇಗಿದ್ದರೆ ಚೆನ್ನ, ನೀನೇ ಬರೆದು ತಾ. ಊಟವಾದ ಮೇಲೆ ಹಾಗೆ ಆಡಿ ನೋಡೋಣ.'